ಮನೆಯ ದೀಪಕ್ಕೆ ಎಷ್ಟು ಬುದ್ಧಿ, ರಸ್ತೆಯ ದೀಪಕ್ಕೆ ಎಷ್ಟು ಬುದ್ಧಿ?

ಪುಸ್ತಕ ಹಿಡಿದು ಕುಳಿತಿದ್ದೆ. ಕೋಣೆಯ ದೀಪ ತಾನಾಗಿ ಆರಿತು. ಕೈ ಬೀಸಿದೆ, ಹತ್ತಿತು. ಹತ್ತು ನಿಮಿಷಕ್ಕೆ ಮತ್ತೆ ಆರಿತು, ಮತ್ತೆ ಬೀಸಿದೆ. ಮೂರನೆಯ ಸಲಕ್ಕೆ ಪುಸ್ತಕದ ಮೇಲಿನ ಗಮನವೇ ಹೋಗಿ, ಇನ್ನು ಯಾವಾಗ ಆರುತ್ತದೆಯೋ ಎಂದು ದೀಪವನ್ನೇ ನೋಡುತ್ತಾ ಕುಳಿತೆ. ಅದೇ ವಾರ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಬೈಕಿನಲ್ಲಿ ಬರುತ್ತಿದ್ದಾಗ ಕೂಡುರಸ್ತೆಯೊಂದರಲ್ಲಿ ಕೆಂಪು ದೀಪ ಬಿತ್ತು. ಉಳಿದ ಮೂರು ದಿಕ್ಕಿನಲ್ಲೂ ನರಪಿಳ್ಳೆಯಿಲ್ಲ. ದೀಪ ಬದಲಾಗುವ ಲಕ್ಷಣವೇ ಕಾಣಲಿಲ್ಲ. ಐದಾರು ನಿಮಿಷದ ಮೇಲೆ ಹಿಂದಿನಿಂದ ಒಂದು ಕಾರು ಬಂದು ನಿಂತಿತು. ಕೂಡಲೇ ಎಂಬಂತೆ ಹಸಿರಾಯಿತು.

ಎರಡೂ ಕಡೆ ಇದ್ದದ್ದು ಸ್ಮಾರ್ಟ್ ಎಂದು ಕರೆಸಿಕೊಳ್ಳುವ ವ್ಯವಸ್ಥೆಯೇ. ಎರಡಕ್ಕೂ ಒಂದೇ ರೋಗ: ನಾನು ಅಲ್ಲಿದ್ದೇನೆ ಎಂಬುದೇ ಯಂತ್ರಕ್ಕೆ ತಿಳಿದಿರಲಿಲ್ಲ.

ಸಂದರ್ಭವನ್ನು ಅರಿತು ನಡೆದುಕೊಳ್ಳುವ ಯಂತ್ರಗಳನ್ನು ಆರಿಸಬೇಕಾದವರಿಗಾಗಿ ಈ ಹೋಲಿಕೆ. ಮನೆಗೆ ಸ್ಮಾರ್ಟ್ ವ್ಯವಸ್ಥೆ ಹಾಕಿಸಲು ಹೊರಟವರು ಒಂದು ಬಗೆ, ಜಂಕ್ಷನ್ನಿಗೆ ಯಾವ ಸಿಗ್ನಲ್ ನಿಯಂತ್ರಣ ತಕ್ಕದ್ದು ಎಂದು ತಲೆಕೆಡಿಸಿಕೊಳ್ಳುವ ಎಂಜಿನಿಯರುಗಳೂ ವಿದ್ಯಾರ್ಥಿಗಳೂ ಇನ್ನೊಂದು ಬಗೆ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಕ್ಕೆ ಕಾರಣವಿದೆ. ಮಾರಾಟಗಾರರು ಇಬ್ಬರಿಗೂ ಹೇಳುವ ಮಾತು ಒಂದೇ: ನಮ್ಮ ವ್ಯವಸ್ಥೆ ಕಲಿಯುತ್ತದೆ. ಇಬ್ಬರೂ ಮರಳಿ ಕೇಳಬೇಕಾದ ಪ್ರಶ್ನೆಗಳೂ ಒಂದೇ. ಈ ಕೆಲಸಕ್ಕೆ ಮುಂದಾಗುವುದು ಮೊದಲೇ ಗೊತ್ತಿರಬೇಕೋ ಅಥವಾ ಆದೊಡನೆ ಪ್ರತಿಕ್ರಿಯಿಸಿದರೆ ಸಾಕೋ? ಯಂತ್ರ ತಪ್ಪಿದಾಗ ತಿದ್ದುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಮುಗಿದಂತೆ.

ಸಂದರ್ಭ ಎಂದರೆ

ಈ ವಿಚಾರ ತೀರಾ ಹೊಸದೇನಲ್ಲ. ಕಂಪ್ಯೂಟರ್ ವಿಜ್ಞಾನಿ ಮಾರ್ಕ್ ವೈಸರ್ 1991ರಲ್ಲೇ ಕಂಪ್ಯೂಟರುಗಳು ಗೋಡೆ, ಮೇಜು, ಬಾಗಿಲುಗಳಲ್ಲಿ ಕರಗಿಹೋಗುವ ಕಾಲವನ್ನು ಊಹಿಸಿ ಬರೆದರು. ಮರುವರ್ಷ ಕೇಂಬ್ರಿಡ್ಜಿನ ಒಲಿವೆಟ್ಟಿ ಪ್ರಯೋಗಾಲಯದವರು ಆಕ್ಟಿವ್ ಬ್ಯಾಡ್ಜ್ ಎಂಬ ತಮ್ಮ ಸಾಧನದ ಬಗ್ಗೆ ಪ್ರಕಟಿಸಿದರು. ಎದೆಗೆ ಸಿಕ್ಕಿಸಿಕೊಂಡ ಬಿಲ್ಲೆ ಆಗಾಗ ಅವಕೆಂಪು ಸಂಕೇತ ಕಳಿಸುತ್ತದೆ. ಯಾರು ಯಾವ ಕೋಣೆಯಲ್ಲಿದ್ದಾರೆ ಎಂದು ಅದರಿಂದ ತಿಳಿಯುತ್ತದೆ. ಅದರ ಮೊದಲ ಉಪಯೋಗ ನನಗೆ ಇಂದಿಗೂ ಇಷ್ಟ. ಬಂದ ಫೋನ್ ಕರೆಯನ್ನು ಯಾವ ಕೋಣೆಗೆ ತಿರುಗಿಸಬೇಕೆಂದು ಸ್ವಾಗತಕಾರರು ಆ ಪಟ್ಟಿ ನೋಡಿ ತೀರ್ಮಾನಿಸುತ್ತಿದ್ದರು. ಯಂತ್ರ ಹೇಳುತ್ತಿತ್ತು, ಮನುಷ್ಯರು ನಿರ್ಧರಿಸುತ್ತಿದ್ದರು. ಸಂದರ್ಭ ಅರಿಯುವ ತಂತ್ರಾಂಶ ಎಂಬ ಹೆಸರು ಬಳಕೆಗೆ ಬಂದದ್ದು 1994ರ ಸುಮಾರಿಗೆ, ಬಿಲ್ ಶಿಲಿಟ್ ಮತ್ತು ಸಂಗಡಿಗರ ಬರಹಗಳಿಂದ.

ವ್ಯಾಖ್ಯಾನಗಳ ಗೊಂದಲ ಬೇಡ. ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾರೆ ಎಂಬ ನಾಲ್ಕೂ ಸಂದರ್ಭವೇ. ಇವುಗಳಲ್ಲಿ ‘ಯಾವಾಗ’ ಎಂಬುದು ಗಡಿಯಾರ ನೋಡಿದರೆ ಗೊತ್ತಾಗುತ್ತದೆ. ‘ಎಲ್ಲಿ’ ಎಂಬುದಕ್ಕೆ ಸೆನ್ಸರ್ ಬೇಕು. ‘ಯಾರು’ ಎಂದು ತಿಳಿಯಲು ಇನ್ನೂ ಹೆಚ್ಚಿನದು ಬೇಕು. ‘ಏನು ಮಾಡುತ್ತಿದ್ದಾರೆ’ ಎಂಬುದು ಬಹುಪಾಲು ಊಹೆ. ಮೊದಲಿನಿಂದ ಕೊನೆಗೆ ಹೋದಂತೆ ತಪ್ಪಿನ ಸಂಭವ ಏರುತ್ತದೆ. ಹಾಗಾಗಿ ಒಂದು ವ್ಯವಸ್ಥೆ ನಾಲ್ಕನೆಯ ಪ್ರಶ್ನೆಯನ್ನು ನೆಚ್ಚಿಕೊಂಡಿದ್ದರೆ, ಅದು ತಪ್ಪಿದಾಗ ಏನು ಗತಿ ಎಂದು ಕೊಳ್ಳುವ ಮೊದಲೇ ಕೇಳಿ.

ಮೊದಲು ಕಣ್ಣು ನೋಡಿ

ಖರ್ಚು ಮಾಡಬೇಕಾದದ್ದು ಮೊದಲು ಸೆನ್ಸರ್‌ಗಳಿಗೆ. ಕಣ್ಣಿಲ್ಲದ ಯಂತ್ರಕ್ಕೆ ಎಷ್ಟು ಬುದ್ಧಿ ತುಂಬಿದರೂ ಅದು ಕತ್ತಲಲ್ಲಿ ತಡವರಿಸುತ್ತದೆ.

ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಪಿಐಆರ್ ಎಂಬ ಚಲನೆಯ ಸೆನ್ಸರ್. ಅದು ಮೈಯ ಶಾಖವನ್ನು ಅಳೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ನೋಡುವುದು ಶಾಖದಲ್ಲಾಗುವ ಬದಲಾವಣೆಯನ್ನು. ಎದುರಿನ ಮಸೂರ ಕೋಣೆಯನ್ನು ಪಟ್ಟಿ ಪಟ್ಟಿಯಾಗಿ ಭಾಗ ಮಾಡಿರುತ್ತದೆ. ಬೆಚ್ಚಗಿನ ಮೈಯೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಸಂಕೇತ ಹುಟ್ಟುತ್ತದೆ. ಅಡ್ಡ ನಡೆದರೆ ಥಟ್ಟನೆ ಗುರುತಿಸುತ್ತದೆ, ನೇರ ಅದರ ಕಡೆಗೇ ನಡೆದು ಬಂದರೆ ತಡಮಾಡುತ್ತದೆ, ಅಲುಗದೆ ಕುಳಿತರೆ ನೀವು ಇಲ್ಲವೇ ಇಲ್ಲ. ಕೋಣೆಯ ಬಿಸಿ ಮೈಯ ಬಿಸಿಗೆ ಹತ್ತಿರವಾದಷ್ಟೂ ಅದರ ದೃಷ್ಟಿ ಮಂಜಾಗುತ್ತದೆ. ನನ್ನ ಪುಸ್ತಕದ ಕೋಣೆಯಲ್ಲಿದ್ದದ್ದು ಇದೇ. ಇದನ್ನು ಬಾಗಿಲಿಗೆ ಎದುರಾಗಿ ಹಾಕದೆ, ಬಾಗಿಲಿನಿಂದ ಒಳಗೆ ಬರುವವರು ಅದರ ಮುಂದೆ ಅಡ್ಡಲಾಗಿ ಹಾಯುವಂತೆ ಪಕ್ಕದ ಗೋಡೆಗೆ ಹಾಕಿದರೆ ಅರ್ಧ ದೂರು ಕಡಿಮೆಯಾಗುತ್ತದೆ.

ಮಿಲಿಮೀಟರ್ ಅಲೆಗಳನ್ನು ಕಳಿಸಿ ಅವು ಮರಳುವುದನ್ನು ಓದುವ ಎಂಎಂವೇವ್ ರೇಡಾರ್ ಇದರ ಎದುರಾಳಿ. ಉಸಿರಾಡುವಾಗ ಎದೆ ಏರಿಳಿಯುವುದನ್ನೂ ಹಿಡಿಯಬಲ್ಲದು. ಮಲಗಿದವರೂ ಅದಕ್ಕೆ ಕಾಣುತ್ತಾರೆ. ಆದರೆ ಅದಕ್ಕೆ ಫ್ಯಾನೂ ಕಾಣುತ್ತದೆ, ಗಾಳಿಗೆ ಅಲ್ಲಾಡುವ ಪರದೆಯೂ ಕಾಣುತ್ತದೆ, ಗೋಡೆ ತೆಳುವಾಗಿದ್ದರೆ ಪಕ್ಕದ ಕೋಣೆಯಲ್ಲಿ ಓಡಾಡುವವರೂ ಕಾಣುತ್ತಾರೆ. ಪಿಐಆರ್‌ಗೆ ಇದ್ದವರು ಕಾಣದಿದ್ದರೆ, ರೇಡಾರಿಗೆ ಇಲ್ಲದವರೂ ಕಾಣುತ್ತಾರೆ. ಪಳಗಿದವರು ಎರಡನ್ನೂ ಜೋಡಿಸುತ್ತಾರೆ: ದೀಪ ಹತ್ತಿಸುವ ಅಧಿಕಾರ ಪಿಐಆರ್‌ಗೆ, ಹತ್ತಿದ್ದನ್ನು ಉಳಿಸಿಕೊಳ್ಳುವ ಅಧಿಕಾರ ರೇಡಾರಿಗೆ. ಸ್ನಾನದ ಮನೆಯಂಥ ಒಂದೇ ಬಾಗಿಲಿನ ಜಾಗಕ್ಕೆ ಇನ್ನೂ ಸರಳ ಉಪಾಯವಿದೆ. ಬಾಗಿಲಿಗೊಂದು ತೆರೆ-ಮುಚ್ಚು ಸೆನ್ಸರ್ ಹಾಕಿ. ಬಾಗಿಲು ಮುಚ್ಚಿದ ಮೇಲೆ ಒಳಗೆ ಒಮ್ಮೆ ಚಲನೆ ಕಂಡರೆ, ಬಾಗಿಲು ಮತ್ತೆ ತೆರೆಯುವವರೆಗೆ ಒಳಗೆ ಯಾರೋ ಇದ್ದೇ ಇದ್ದಾರೆ. ಡಬ್ಬಿಯೊಳಗೆ ಕಣಜ ಹೊಕ್ಕರೆ ಮುಚ್ಚಳ ತೆಗೆಯುವವರೆಗೆ ಅದು ಒಳಗೇ ತಾನೆ? ಇದಕ್ಕೆ ಯಂತ್ರ ಕಲಿಕೆಯೂ ಬೇಡ, ರೇಡಾರೂ ಬೇಡ.

ರಸ್ತೆಗೆ ಬನ್ನಿ. ಅಲ್ಲಿನ ಪಿಐಆರ್ ಎಂದರೆ ಲೂಪ್. ಡಾಂಬರನ್ನು ಸೀಳಿ ತಂತಿಯ ಸುರುಳಿ ಹೂತಿರುತ್ತಾರೆ. ಮೇಲೆ ಲೋಹದ ದೊಡ್ಡ ಮೈ ಬಂದು ನಿಂತರೆ ಸುರುಳಿಯ ಪ್ರೇರಕತ್ವ ಎಂಬ ವಿದ್ಯುತ್ ಗುಣ ಇಳಿಯುತ್ತದೆ, ವಾಹನ ಬಂದಿದೆ ಎಂದು ನಿಯಂತ್ರಕಕ್ಕೆ ತಿಳಿಯುತ್ತದೆ. ಕಾರು, ಬಸ್ಸುಗಳಿಗೆ ಇದು ನಂಬಿಕಸ್ಥ. ಸೈಕಲ್ಲು, ಬೈಕುಗಳ ಲೋಹ ಕಡಿಮೆ. ಸುರುಳಿಯ ನಟ್ಟನಡುವೆ ನಿಂತರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆ ರಾತ್ರಿ ನಾನು ನಿಂತದ್ದು ಹಾಗೆಯೇ. ಚೌಕಾಕಾರದ ಲೂಪ್ ಆದರೆ ಡಾಂಬರಿನ ಸೀಳುಗೆರೆಯ ಮೇಲೆಯೇ ಚಕ್ರ ಇಟ್ಟು ನಿಲ್ಲಬೇಕು, ಸಂವೇದನೆ ಹೆಚ್ಚಿರುವುದು ಅಲ್ಲಿ. ಈಗ ಕೆಂಪು ಬಿದ್ದಲ್ಲೆಲ್ಲ ನಾನು ಮೊದಲು ಹುಡುಕುವುದು ಆ ಗೆರೆಯನ್ನು. ರಸ್ತೆ ಅಗೆದಾಗಲೆಲ್ಲ ತಂತಿ ತುಂಡಾಗುವುದು ಲೂಪಿನ ಹಣೆಬರಹ.

ಕ್ಯಾಮೆರಾ ಹೆಚ್ಚು ನೋಡುತ್ತದೆ. ಎಷ್ಟು ವಾಹನ, ಯಾವ ಬಗೆ, ಎಲ್ಲಿಯವರೆಗೆ ಸಾಲು, ದಾಟಲು ಕಾದಿರುವ ಪಾದಚಾರಿಗಳು ಎಷ್ಟು ಮಂದಿ, ಎಲ್ಲವೂ ಒಂದೇ ಚಿತ್ರದಲ್ಲಿ ಸಿಗುತ್ತದೆ. ಲೇನ್ ಶಿಸ್ತಿಲ್ಲದೆ ಎಲ್ಲ ಬಗೆಯ ವಾಹನಗಳೂ ಬೆರೆತು ಸಾಗುವ ರಸ್ತೆಗೆ ಲೂಪಿಗಿಂತ ಇದೇ ಮೇಲು. ಆದರೆ ಮಳೆಹನಿ, ಮಂಜು, ಎದುರು ಬಿಸಿಲು, ರಾತ್ರಿ ಹೆಡ್‌ಲೈಟಿನ ಪ್ರಖರತೆ, ಬಸ್ಸಿನ ಮರೆಗೆ ಸಿಕ್ಕ ಸ್ಕೂಟರ್, ಇವೆಲ್ಲ ಅದನ್ನು ಏಮಾರಿಸುತ್ತವೆ. ರೇಡಾರಿಗೆ ಮಳೆಯ ಚಿಂತೆ ಕಡಿಮೆ, ಆದರೆ ಕ್ಯಾಮೆರಾದಷ್ಟು ವಿವರ ಅದು ಕೊಡದು. ನನ್ನ ಒಲವು ಕ್ಯಾಮೆರಾ ಮತ್ತು ರೇಡಾರ್ ಜೋಡಿಯ ಕಡೆಗೆ. ಒಂದೇ ಆರಿಸಬೇಕೆಂದರೆ ಕ್ಯಾಮೆರಾ, ಅದೂ ವಾರಕ್ಕೊಮ್ಮೆ ಗಾಜು ಒರೆಸುವವರು ಇದ್ದರೆ ಮಾತ್ರ. ಇದು ತಮಾಷೆಯ ಮಾತಲ್ಲ. ಧೂಳು ಕೂತ ಗಾಜಿನ ಹಿಂದೆ, ಉದಾಹರಣೆಗಳಿಂದ ಕಲಿಯುವ ಎಂಥ ನ್ಯೂರಲ್ ನೆಟ್‌ವರ್ಕ್ ಇದ್ದರೂ ಅಷ್ಟೇ.

ಮನೆ: ನಿಯಮ ಬರೆಯುವುದೋ, ಕಲಿಯಲು ಬಿಡುವುದೋ

‘ಸೂರ್ಯ ಮುಳುಗಿದ ಮೇಲೆ ಹಾಲಿನಲ್ಲಿ ಚಲನೆ ಕಂಡರೆ ದೀಪ ಹಾಕು’ ಎಂಬುದು ನಿಯಮ. ಬರೆದವರಿಗೆ ಅದು ಯಾಕೆ ಹಾಗೆ ನಡೆದುಕೊಂಡಿತೆಂದು ಗೊತ್ತಿರುತ್ತದೆ. ಇಷ್ಟವಾಗದಿದ್ದರೆ ಒಂದು ಸಾಲು ಬದಲಾಯಿಸಿದರೆ ಆಯಿತು. ಕಲಿಯುವ ವ್ಯವಸ್ಥೆಗೆ ನಿಯಮ ಕೊಡುವುದಿಲ್ಲ. ನಿಮ್ಮ ಅಭ್ಯಾಸಗಳನ್ನು ನೋಡಿ ಅದೇ ಕಟ್ಟಿಕೊಳ್ಳುತ್ತದೆ.

ಕಲಿಯುವ ಮನೆಯ ಪ್ರಯೋಗ 1990ರ ದಶಕದಲ್ಲೇ ನಡೆದಿತ್ತು. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಮೈಕೆಲ್ ಮೋಜರ್ ತಾವು ವಾಸವಿದ್ದ ಮನೆಗೇ ನ್ಯೂರಲ್ ನೆಟ್‌ವರ್ಕ್ ಜೋಡಿಸಿದ್ದರು. ಬೆಳಕು, ಬಿಸಿನೀರು, ಕೋಣೆಯ ಶಾಖ ಎಲ್ಲವನ್ನೂ ಅದು ನೋಡಿಕೊಳ್ಳುತ್ತಿತ್ತು. ನಿವಾಸಿ ಸ್ವಿಚ್ ಒತ್ತಿ ತಿದ್ದಿದರೆ ಅದನ್ನು ಅಸಮಾಧಾನದ ಗುರುತೆಂದು ಎಣಿಸಿ ಕಲಿಯುತ್ತಿತ್ತು. ಸ್ವಿಚ್ಚೇ ಇಲ್ಲಿ ಗುರು. ಇಂದಿನ ಕಲಿಯುವ ಉಪಕರಣಗಳಲ್ಲೂ ನೀವು ನೋಡಬೇಕಾದದ್ದು ಇದನ್ನೇ: ನಾನು ತಿದ್ದಿದ್ದನ್ನು ಅದು ಪಾಠವೆಂದು ತೆಗೆದುಕೊಳ್ಳುತ್ತದೆಯೋ, ಅಥವಾ ಮರುದಿನ ಮತ್ತೆ ಹಳೆಯ ಚಾಳಿಯೋ?

ಎಲ್ಲಿ ಯಾವುದು ಎಂಬುದಕ್ಕೆ ನಾನು ಕಂಡುಕೊಂಡ ಅಳತೆ ಹೀಗಿದೆ. ದೀಪ ಹತ್ತಲು ಕಣ್ಣೆವೆ ಇಕ್ಕುವಷ್ಟು ಹೊತ್ತೂ ಬೇಡ. ನೀವು ಕೋಣೆಗೆ ಕಾಲಿಟ್ಟ ಮೇಲೆ ಹತ್ತಿದರೂ ಸರಿಯೇ; ಮುಂಚಿತವಾಗಿ ಊಹಿಸುವ ಅಗತ್ಯವಿಲ್ಲ. ಅಲ್ಲಿಗೆ ನಿಯಮ ಸಾಕು, ನಿಯಮವೇ ಮೇಲು. ಇಡೀ ಮನೆಯನ್ನು ಬೆಚ್ಚಗೆ ಅಥವಾ ತಂಪಾಗಿ ಮಾಡಲು ಅರ್ಧ ಗಂಟೆಯೋ ಒಂದು ಗಂಟೆಯೋ ಹಿಡಿಯುತ್ತದೆ. ನೀವು ಬಂದ ಮೇಲೆ ಶುರುಮಾಡಿದರೆ ತಡವಾಯಿತು. ನೀವು ಯಾವಾಗ ಬರುತ್ತೀರೆಂದು ಮೊದಲೇ ಊಹಿಸಬೇಕು, ಮನೆ ಎಷ್ಟು ಬೇಗ ತಣಿಯುತ್ತದೆಂದೂ ತಿಳಿದಿರಬೇಕು. ಅಲ್ಲಿ ಕಲಿಕೆಗೆ ಬೆಲೆಯಿದೆ. 2011ರಲ್ಲಿ ಬಂದ, ಮನೆಯ ಶಾಖವನ್ನು ನಿಯಂತ್ರಿಸುವ ನೆಸ್ಟ್ ಥರ್ಮೋಸ್ಟಾಟ್ ಜನಪ್ರಿಯವಾಗಲು ಅಂದವಷ್ಟೇ ಕಾರಣವಲ್ಲ. ಕಲಿಕೆಯ ಅಗತ್ಯ ನಿಜವಾಗಿ ಇದ್ದ ಜಾಗಕ್ಕೆ ಅದು ಕಲಿಕೆಯನ್ನು ತಂದಿತು. ಅಲ್ಲಿ ತಪ್ಪಿದರೂ ಆಗುವುದು ತುಸು ಸೆಕೆ, ತುಸು ಚಳಿ, ಗುಂಡಿ ತಿರುಗಿಸಿದರೆ ಸರಿ.

ದೀಪಕ್ಕೂ ಪರದೆಗೂ ಕಲಿಯುವ ವ್ಯವಸ್ಥೆ ಹಾಕಿಸಿಕೊಂಡವರು ಕೊನೆಗೆ ಅದರ ಮನಸ್ಸನ್ನು ಓದಲು ತಾವು ಕಲಿಯಬೇಕಾಗುತ್ತದೆ. ನೆಂಟರು ಬಂದು ನಾಲ್ಕು ದಿನ ಉಳಿದರೆ ಅದರ ಕಲಿಕೆ ಕಲಸಿಹೋಗುತ್ತದೆ. ಒಬ್ಬರೇ ಇರುವ ಮನೆಯಲ್ಲಿ ಚೆನ್ನಾಗಿ ನಡೆಯುವ ಕಲಿಕೆ ನಾಲ್ವರಿರುವ ಮನೆಯಲ್ಲಿ ಎಡವುವುದೂ ಇದೇ ಕಾರಣಕ್ಕೆ: ಯಾರ ಅಭ್ಯಾಸ ಎಂದು ಅದಕ್ಕೆ ತಿಳಿಯದು.

ಮಿದುಳು ಮನೆಯಲ್ಲೋ, ದೂರದ ಸರ್ವರಿನಲ್ಲೋ

ಇಲ್ಲಿ ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ಲೆಕ್ಕಾಚಾರ ಮನೆಯೊಳಗೇ ನಡೆಯಬೇಕು. ರಿವಾಲ್ವ್ ಎಂಬ ಸ್ಮಾರ್ಟ್ ಹೋಮ್ ಹಬ್, ಅಂದರೆ ಮನೆಯ ಸಾಧನಗಳನ್ನೆಲ್ಲ ಒಂದೆಡೆಯಿಂದ ನಡೆಸುವ ಪೆಟ್ಟಿಗೆ, ತಯಾರಿಸುತ್ತಿದ್ದ ಕಂಪನಿಯನ್ನು ಆ ಥರ್ಮೋಸ್ಟಾಟಿನ ನೆಸ್ಟ್ ಕಂಪನಿ 2014ರಲ್ಲಿ ಕೊಂಡಿತು. 2016ರಲ್ಲಿ ಅದರ ಸರ್ವರ್ ನಿಲ್ಲಿಸಿತು. ಕೆಡದ ಹಬ್ಬುಗಳು ಒಂದೇ ದಿನದಲ್ಲಿ ಖಾಲಿ ಡಬ್ಬಿಗಳಾದವು. 2022ರ ಏಪ್ರಿಲಿನಲ್ಲಿ ಮನೆಯ ಸ್ಮಾರ್ಟ್ ಸಾಧನಗಳನ್ನು ಮಾಡುತ್ತಿದ್ದ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಸ್ತಬ್ಧವಾದವು. ಮನೆಯ ಗೋಡೆಗೆ ಹಾಕಿದ ವಸ್ತುವಿನ ಆಯುಷ್ಯ ಬೇರೆಯವರ ಲೆಕ್ಕಪುಸ್ತಕದಲ್ಲಿ ಇರಬಾರದು.

ಹೋಮ್ ಅಸಿಸ್ಟೆಂಟ್, ಓಪನ್‌ಹ್ಯಾಬ್‌ನಂಥ ಮುಕ್ತ ತಂತ್ರಾಂಶಗಳು ಮನೆಯ ಸಣ್ಣ ಕಂಪ್ಯೂಟರಿನಲ್ಲೇ ಓಡುತ್ತವೆ. ಯಾರು ಯಾವ ಹೊತ್ತಿಗೆ ಏಳುತ್ತಾರೆ, ಮನೆ ಯಾವಾಗ ಖಾಲಿ ಎಂಬ ಮಾಹಿತಿ ಹೊಸ್ತಿಲು ದಾಟುವುದಿಲ್ಲ. ಬದಲಿಗೆ ನೀವು ಒಂದೆರಡು ವಾರಾಂತ್ಯ ಕೈಕೆಸರು ಮಾಡಿಕೊಳ್ಳಬೇಕು, ಅಪ್‌ಡೇಟಿನ ತಲೆನೋವೂ ನಿಮ್ಮದೇ. ಅದಕ್ಕೆ ಸಿದ್ಧರಿಲ್ಲದಿದ್ದರೆ ಕ್ಲೌಡ್ ವ್ಯವಸ್ಥೆಯನ್ನೇ ಕೊಳ್ಳಿ, ಆದರೆ ಇಂಟರ್‌ನೆಟ್ ಹೋದಾಗ ಗೋಡೆಯ ಸ್ವಿಚ್ ಕೆಲಸ ಮಾಡುವಂಥದ್ದನ್ನೇ ಕೊಳ್ಳಿ.

ಸಾಧನಗಳು ತಂತಿಯಿಲ್ಲದೆ ಒಂದಕ್ಕೊಂದು ಮಾತಾಡಲು ರೇಡಿಯೋ ಯಾವುದಿರಬೇಕೆಂಬ ಚರ್ಚೆಗೆ ಜನ ಸುಮ್ಮನೆ ಹೆಚ್ಚು ಹೊತ್ತು ಕಳೆಯುತ್ತಾರೆ. ಬ್ಯಾಟರಿಯ ಸೆನ್ಸರ್‌ಗಳಿಗೆ ಜಿಗ್‌ಬೀ, ಥ್ರೆಡ್ ಅಥವಾ ಜೀ-ವೇವ್. ಪ್ಲಗ್ಗಿಗೆ ಚುಚ್ಚುವಂಥವಕ್ಕೆ ವೈಫೈ ಆದರೂ ನಡೆಯುತ್ತದೆ. ಹೊಸದಾಗಿ ಕೊಳ್ಳುವವರು, ಬೇರೆ ಬೇರೆ ಕಂಪನಿಯ ಸಾಧನಗಳು ಹೊಂದಿ ನಡೆಯಲೆಂದು ಮಾಡಿದ ಮ್ಯಾಟರ್ ಎಂಬ ಮಾನಕದ ಗುರುತು ಇರುವುದನ್ನು ಆರಿಸಿದರೆ ಒಂದು ಕಂಪನಿಯ ಬಾಲ ಹಿಡಿಯುವುದು ತಪ್ಪುತ್ತದೆ. ಆ ಮಾನಕದ ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರಿನಲ್ಲಿ.

ರಸ್ತೆ: ನಾಲ್ಕು ಮೆಟ್ಟಿಲು

1868ರಲ್ಲಿ ಲಂಡನ್ನಿನ ಸಂಸತ್ ಭವನದ ಬಳಿ ನಿಂತ ಮೊದಲ ಟ್ರಾಫಿಕ್ ದೀಪ ಅನಿಲದಿಂದ ಉರಿಯುತ್ತಿತ್ತು, ಅದನ್ನು ಕೈಯಿಂದ ತಿರುಗಿಸಲು ಒಬ್ಬ ಪೊಲೀಸ್ ಇದ್ದ. ಕೆಲವೇ ವಾರಗಳಲ್ಲಿ ಅದು ಸ್ಫೋಟಿಸಿತೆಂಬುದು ಬೇರೆ ಕಥೆ. ಸಂದರ್ಭ ಅರಿಯುವ ಸಿಗ್ನಲ್ ಎಂದರೆ ಅದೇ ಎನ್ನಬೇಕು: ಗಾಡಿಯ ಸಾಲು, ದಾಟಲಾರದೆ ನಿಂತ ಮುದುಕ, ಅವಸರದಲ್ಲಿರುವ ವೈದ್ಯ, ಎಲ್ಲವೂ ಆ ಪೊಲೀಸನ ಕಣ್ಣಿಗೆ ಬೀಳುತ್ತಿತ್ತು. ಅವನನ್ನು ತೆಗೆದು ಗಡಿಯಾರ ಇಟ್ಟೆವು. ಆಮೇಲಿನದೆಲ್ಲ ಅವನ ಕಣ್ಣನ್ನು ಮರಳಿ ತರುವ ಪ್ರಯತ್ನ.

ಮೊದಲ ಮೆಟ್ಟಿಲು ಆ ಗಡಿಯಾರವೇ, ಅಂದರೆ ನಿಗದಿತ ಸಮಯದ ಸಿಗ್ನಲ್. ಇದನ್ನು ದಡ್ಡ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ಸಂಶೋಧಕ ಎಫ್. ವಿ. ವೆಬ್‌ಸ್ಟರ್ 1958ರಲ್ಲಿ, ಸಿಗ್ನಲ್ಲಿನ ಒಂದು ಸುತ್ತು, ಅಂದರೆ ಎಲ್ಲ ದಿಕ್ಕಿಗೂ ಒಮ್ಮೆ ಹಸಿರು ಸಿಗಲು ಹಿಡಿಯುವ ಸಮಯ, ಎಷ್ಟಿರಬೇಕೆಂದು ಕೊಟ್ಟ ಸೂತ್ರ ಇಂದಿಗೂ ತರಗತಿಗಳಲ್ಲಿ ಬಳಕೆಯಲ್ಲಿದೆ. ಒಂದು ಸುತ್ತಿನಲ್ಲಿ ಹಳದಿ, ಎಲ್ಲ ಕಡೆ ಕೆಂಪು, ಹೊರಡುವಾಗಿನ ಮಂದಗತಿ ಸೇರಿ ವ್ಯರ್ಥವಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ ಐದು ಕೂಡಿಸಿ. ಜಂಕ್ಷನ್ನಿನ ಮೇಲಿನ ಒಟ್ಟು ಭಾರವನ್ನು ಒಂದರಿಂದ ಕಳೆದು, ಉಳಿದದ್ದರಿಂದ ಭಾಗಿಸಿ. ಬಂದದ್ದು ಸುತ್ತಿನ ಸೂಕ್ತ ಅವಧಿ. ಭಾರ ಎಂದರೆ ಪ್ರತಿ ಸರದಿಯಲ್ಲೂ ಬರುವ ವಾಹನಗಳಿಗೂ, ಹಸಿರು ಸದಾ ಇದ್ದಿದ್ದರೆ ಹೋಗಬಹುದಾಗಿದ್ದ ವಾಹನಗಳಿಗೂ ಇರುವ ಅನುಪಾತಗಳ ಮೊತ್ತ.

ಲೆಕ್ಕ ಮಾಡಿ ನೋಡಿ. ವ್ಯರ್ಥ 10 ಸೆಕೆಂಡು, ಭಾರ 0.7 ಆದರೆ ಸುತ್ತು 67 ಸೆಕೆಂಡು. ಭಾರ 0.9ಕ್ಕೆ ಏರಿದರೆ 200 ಸೆಕೆಂಡು. 0.95ಕ್ಕೆ 400. ಒಂದನ್ನು ಮುಟ್ಟಿದರೆ ಉತ್ತರವೇ ಇಲ್ಲ. ಈ ನಾಲ್ಕು ಸಾಲಿನಲ್ಲಿ ದೊಡ್ಡ ವಿಷಯವೊಂದಿದೆ: ಜಂಕ್ಷನ್ ತುಂಬಿ ತುಳುಕುತ್ತಿದ್ದರೆ ಯಾವ ಕೃತಕ ಬುದ್ಧಿಮತ್ತೆಯೂ ಜಾಗ ಸೃಷ್ಟಿಸಲಾರದು. ಒಂದು ಲೇನಿನಲ್ಲಿ ಹಸಿರು ಇರುವಾಗ ಕಾರುಗಳು ಸುಮಾರು ಎರಡು ಸೆಕೆಂಡಿಗೆ ಒಂದರಂತೆ ದಾಟುತ್ತವೆ, ಅಷ್ಟೇ. ಹೊಸ ವ್ಯವಸ್ಥೆ ಕೊಳ್ಳುವ ಮೊದಲು ಈ ಭಾರವನ್ನು ಅಳೆಯಿರಿ. 0.6 ಮತ್ತು 0.85ರ ನಡುವೆ ಏರಿಳಿಯುವ ಜಂಕ್ಷನ್ನಿಗೆ ಜಾಣ ಸಿಗ್ನಲ್ ಬಹಳ ಮಾಡಬಲ್ಲದು. ಹಗಲಿಡೀ 0.95ರಲ್ಲಿ ಕೂತ ಜಂಕ್ಷನ್ನಿಗೆ ಬೇಕಾದದ್ದು ಬಸ್ಸೋ ಸೇತುವೆಯೋ.

ಎರಡನೆಯ ಮೆಟ್ಟಿಲು ವಾಹನ ನೋಡಿ ನಡೆಯುವ ಸಿಗ್ನಲ್. ಕನಿಷ್ಠ ಹಸಿರು ಕೊಡು. ಆಮೇಲೆ ಪ್ರತಿ ವಾಹನ ಬಂದಾಗಲೂ ಎರಡು ಮೂರು ಸೆಕೆಂಡು ವಿಸ್ತರಿಸು. ನಡುವೆ ತೆರವು ಸಿಕ್ಕರೆ ಅಥವಾ ಗರಿಷ್ಠ ಮಿತಿ ಮುಟ್ಟಿದರೆ ಮುಂದಿನ ಸರದಿಗೆ ಹೋಗು. ಮನೆಯ ನಿಯಮದ ರಸ್ತೆಯ ರೂಪ ಇದು. ಸುತ್ತ ಬೇರೆ ಸಿಗ್ನಲ್ ಇಲ್ಲದ ಒಂಟಿ ಜಂಕ್ಷನ್ನಿಗೆ ಇದಕ್ಕಿಂತ ಹೆಚ್ಚಿನದನ್ನು ಮಾರಲು ಬಂದವರನ್ನು ಅನುಮಾನದಿಂದ ನೋಡಿ.

ಮೂರನೆಯದು ಜಂಕ್ಷನ್ನುಗಳು ಒಂದರ ಹಿಂದೆ ಒಂದು ಪೋಣಿಸಿಕೊಂಡಿರುವ ಕಡೆಗೆ. ಒಂದರಿಂದ ಬಿಟ್ಟ ಗುಂಪು ಅರ್ಧ ನಿಮಿಷದಲ್ಲಿ ಇನ್ನೊಂದನ್ನು ತಲುಪುತ್ತದೆ. ಈಗ ಮುಂಚಿತ ಊಹೆ ಬೇಕೇ ಬೇಕು. ಥರ್ಮೋಸ್ಟಾಟಿನ ವಾದ ಇಲ್ಲಿಗೂ ಒಪ್ಪುತ್ತದೆ. 1970ರ ದಶಕದಲ್ಲಿ ರೂಪುಗೊಂಡ ಎರಡು ವ್ಯವಸ್ಥೆಗಳು ಈ ಕ್ಷೇತ್ರವನ್ನು ಇಂದಿಗೂ ಆಳುತ್ತಿವೆ: ಬ್ರಿಟನ್ನಿನ ಸ್ಕೂಟ್, ಸಿಡ್ನಿಯಲ್ಲಿ ಹುಟ್ಟಿದ ಸ್ಕ್ಯಾಟ್ಸ್. ಮುಖ್ಯ ವ್ಯತ್ಯಾಸ ಸೆನ್ಸರ್ ಎಲ್ಲಿದೆ ಎಂಬುದರಲ್ಲಿ. ಸ್ಕೂಟ್ ತನ್ನ ಲೂಪುಗಳನ್ನು ಜಂಕ್ಷನ್ನಿನಿಂದ ಬಹಳ ಹಿಂದೆ, ವಾಹನಗಳು ಆ ರಸ್ತೆಯನ್ನು ಹೊಕ್ಕುವ ಕಡೆ ಇಡುತ್ತದೆ. ಬರುತ್ತಿರುವ ಗುಂಪನ್ನು ಮೊದಲೇ ಕಂಡು, ಸಾಲು ಎಷ್ಟಾದೀತೆಂದು ಲೆಕ್ಕಹಾಕಿ, ಹಸಿರನ್ನು ಕೆಲವೇ ಸೆಕೆಂಡು ಆಚೀಚೆ ಸರಿಸುತ್ತದೆ. ಸ್ಕ್ಯಾಟ್ಸ್ ಲೂಪು ಇರುವುದು ನಿಲುಗಡೆ ಗೆರೆಯ ಬಳಿ. ಕೊಟ್ಟ ಹಸಿರಿನಲ್ಲಿ ಎಷ್ಟು ಉಪಯೋಗವಾಯಿತು ಎಂದು ಅಳೆದು ಮುಂದಿನ ಸುತ್ತನ್ನು ತಿದ್ದುತ್ತದೆ. ಮೊದಲನೆಯದು ಬಾಗಿಲಲ್ಲಿ ನಿಂತು ಬರುವವರನ್ನು ಎಣಿಸಿ ಎಲೆ ಹಾಕಿದಂತೆ, ಎರಡನೆಯದು ಒಂದು ಪಂಕ್ತಿ ಎದ್ದ ಮೇಲೆ ಖಾಲಿ ಉಳಿದ ಎಲೆಗಳನ್ನು ನೋಡಿ ಮುಂದಿನ ಪಂಕ್ತಿ ಹಾಕಿದಂತೆ. ಥಟ್ಟನೆ ಏರುವ ದಟ್ಟಣೆಗೆ ಸ್ಕೂಟ್ ಮೊದಲೇ ಎಚ್ಚರಾಗುತ್ತದೆ. ಸ್ಕ್ಯಾಟ್ಸ್ ಒಂದು ಸುತ್ತು ಹಿಂದೆ ಇರಬಹುದು, ಆದರೆ ಅದೇ ಲೂಪು ವಾಹನ ನೋಡಿ ನಡೆಯುವ ಸಿಗ್ನಲ್ಲಿಗೂ ಆಗುವುದರಿಂದ ರಾತ್ರಿಯ ಖಾಲಿ ರಸ್ತೆಗೆ ಅನುಕೂಲ. ದೂರದ ಲೂಪಿನ ಮತ್ತು ಜಂಕ್ಷನ್ನಿನ ನಡುವೆ ವಾಹನಗಳು ನಿಲ್ಲುವ, ಗಲ್ಲಿಗಳಿಂದ ಹೊಸವು ನುಗ್ಗುವ ರಸ್ತೆಯಾದರೆ ಸ್ಕೂಟಿನ ಲೆಕ್ಕ ತಪ್ಪುತ್ತದೆ. ಅಂಥಲ್ಲಿ ನಾನು ಸ್ಕ್ಯಾಟ್ಸ್ ಬಗೆಯನ್ನು ಆರಿಸುತ್ತೇನೆ.

ಇವೆರಡರಲ್ಲೂ ಕೇಂದ್ರ ಕಂಪ್ಯೂಟರಿನ ಪಾತ್ರ ದೊಡ್ಡದು. ಅದಿಲ್ಲದೆ ಪ್ರತಿ ಜಂಕ್ಷನ್ ತಾನೇ ಲೆಕ್ಕಹಾಕಿ, ನೆರೆಯ ಜಂಕ್ಷನ್ನಿಗೆ ‘ನಿನ್ನ ಕಡೆಗೆ ಇಷ್ಟು ವಾಹನ ಬಿಡುತ್ತಿದ್ದೇನೆ’ ಎಂದು ತಿಳಿಸುವ ಬಗೆಯೂ ಇದೆ. ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಸರ್‌ಟ್ರ್ಯಾಕ್ 2012ರಲ್ಲಿ ಪಿಟ್ಸ್‌ಬರ್ಗಿನ ಒಂಬತ್ತು ಜಂಕ್ಷನ್ನುಗಳಲ್ಲಿ ಶುರುವಾದದ್ದು ಹೀಗೆ. ಪ್ರಯಾಣದ ಸಮಯ ಶೇ. 25ರಷ್ಟು ಇಳಿಯಿತೆಂದು ಅದನ್ನು ರೂಪಿಸಿದವರು ವರದಿ ಮಾಡಿದರು. ಇಂಥ ಅಂಕಿ ಎದುರಾದಾಗಲೆಲ್ಲ ಒಂದು ಪ್ರಶ್ನೆ ಕೇಳಿ: ಯಾವುದಕ್ಕೆ ಹೋಲಿಸಿ? ಹತ್ತು ವರ್ಷದಿಂದ ಯಾರೂ ಮುಟ್ಟದ ಸಮಯಪಟ್ಟಿಗೆ ಹೋಲಿಸಿದರೆ ಹೊಸ ಸಮಯಪಟ್ಟಿಯೂ ಚೆನ್ನಾಗಿಯೇ ಕಾಣುತ್ತದೆ. ಕಳೆದ ತಿಂಗಳು ತಿದ್ದಿದ ಪಟ್ಟಿಗೆ ಹೋಲಿಸಿದ ಅಂಕಿ ಕೊಡಿ ಎನ್ನಿ.

ನಾಲ್ಕನೆಯ ಮೆಟ್ಟಿಲು ತಾನೇ ಕಲಿಯುವ ಸಿಗ್ನಲ್, ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್. ಒಳ್ಳೆಯ ಫಲಕ್ಕೆ ಅಂಕ ಕೊಟ್ಟು, ಕೆಟ್ಟದ್ದಕ್ಕೆ ಕಳೆದು ಲಕ್ಷಾಂತರ ಸಲ ಆಡಿಸಿ ಕಲಿಸುವುದು. ರಸ್ತೆಯ ಮೇಲೆ ಆಡಿಸಲು ಆಗದಲ್ಲ, ಅದಕ್ಕೇ ಜರ್ಮನಿಯ ಡಿಎಲ್‌ಆರ್ ಸಂಸ್ಥೆಯ ಸುಮೋದಂಥ ಕೃತಕ ರಸ್ತೆಗಳಲ್ಲಿ ಆಡಿಸುತ್ತಾರೆ. ಸುಮೋ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ, ವಿದ್ಯಾರ್ಥಿಗಳು ಇಲ್ಲಿಂದ ಶುರುಮಾಡಬಹುದು. ಶುರುಮಾಡಿದವರು ಮೊದಲ ವಾರದಲ್ಲೇ ಕಾಣುವ ದೃಶ್ಯವೊಂದಿದೆ. ಒಟ್ಟು ಕಾಯುವಿಕೆ ಕಡಿಮೆ ಮಾಡು ಎಂದು ಅಂಕ ಕೊಟ್ಟಿರುತ್ತೀರಿ. ಸರಾಸರಿ ಚೆನ್ನಾಗಿ ಇಳಿಯುತ್ತದೆ. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ, ಅಡ್ಡರಸ್ತೆಯ ಒಂದೇ ಒಂದು ಕಾರು ಕೆಂಪಿನಲ್ಲಿ ನಿಂತೇ ಇರುತ್ತದೆ. ಮುಖ್ಯರಸ್ತೆಯ ನೂರು ವಾಹನಗಳನ್ನು ತಡೆದು ಅದೊಂದನ್ನು ಬಿಡುವುದು ಯಂತ್ರಕ್ಕೆ ನಷ್ಟದ ಬಾಬತ್ತು. ಆ ಕಾರಿನೊಳಗೆ ಕೂತವರಿಗೆ ಸರಾಸರಿಯ ಸುಖದಿಂದ ಏನು? ಯಾರೂ ಇಷ್ಟು ಸೆಕೆಂಡಿಗಿಂತ ಹೆಚ್ಚು ಕಾಯಬಾರದು ಎಂಬ ಕಟ್ಟಳೆಯನ್ನು ಹೊರಗಿನಿಂದ ಹಾಕಿದ ಮೇಲೆ ಅದು ಹೊರಡುತ್ತದೆ.

ಮನೆಗೂ ರಸ್ತೆಗೂ ಇರುವ ಅಂತರ ಈ ಕಾರಿನಲ್ಲಿದೆ. ಮನೆಯಲ್ಲಿ ಯಂತ್ರ ತಪ್ಪಿದರೆ ಕಷ್ಟಪಡುವವರೂ ತಿದ್ದುವವರೂ ಒಬ್ಬರೇ, ಸ್ವಿಚ್ ಕೈಗೆಟುಕುವಷ್ಟು ದೂರದಲ್ಲಿದೆ. ರಸ್ತೆಯಲ್ಲಿ ಕಾಯುವವರಿಗೆ ಸ್ವಿಚ್ ಇಲ್ಲ. ಇರುವುದು ಎರಡೇ ದಾರಿ, ತಾಳ್ಮೆ ಅಥವಾ ಕೆಂಪು ದಾಟುವುದು.

ಬುದ್ಧಿಯ ಕೈಗೆ ಕೊಡಬಾರದವು

ಹಳದಿಯ ಅವಧಿ, ಎಲ್ಲ ಕಡೆ ಕೆಂಪಿರುವ ಒಂದೆರಡು ಸೆಕೆಂಡು, ಕನಿಷ್ಠ ಹಸಿರು, ಪಾದಚಾರಿಗೆ ದಾಟಲು ಬೇಕಾದ ಸಮಯ. ಸೆಕೆಂಡಿಗೆ 1.2 ಮೀಟರ್ ನಡಿಗೆಯೆಂದರೆ 12 ಮೀಟರ್ ಅಗಲದ ರಸ್ತೆಗೆ 10 ಸೆಕೆಂಡು. ಕೋಲೂರಿ ನಡೆಯುವವರಿಗೆ ಅದೂ ಸಾಲದು. ಇವನ್ನು ಯಾವ ಕಲಿಕೆಗೂ ಚೌಕಾಸಿಗೆ ಬಿಡಬೇಡಿ. ಸಿಗ್ನಲ್ ಪೆಟ್ಟಿಗೆಯೊಳಗೆ ಬೇರೆಯೇ ಒಂದು ಯಂತ್ರಾಂಶ ಇರುತ್ತದೆ. ಪರಸ್ಪರ ಅಡ್ಡವಾಗುವ ಎರಡು ಹಸಿರುಗಳು ಒಟ್ಟಿಗೆ ಹತ್ತಿದರೆ ಅದು ತಂತ್ರಾಂಶದ ಮಾತು ಕೇಳದೆ ಇಡೀ ಜಂಕ್ಷನ್ನನ್ನು ಮಿನುಗುವ ದೀಪಕ್ಕೆ ತಳ್ಳುತ್ತದೆ. ಎಂಥ ಹೊಸ ವ್ಯವಸ್ಥೆ ಬಂದರೂ ಇದು ಉಳಿಯಬೇಕು, ಹೊಸದು ಇದರ ಕೆಳಗೆ ಕೂರಬೇಕು. ಮನೆಯಲ್ಲಿ ಇದಕ್ಕೆ ಸಮನಾದವು ಬಾಗಿಲ ಬೀಗ, ಗ್ಯಾಸಿನ ಕವಾಟ, ಹೊಗೆಯ ಎಚ್ಚರಿಕೆ ಗಂಟೆ. ‘ಮನೆ ಖಾಲಿ ಇದ್ದಂತಿದೆ’ ಎಂಬ ಊಹೆಯ ಮೇಲೆ ಬೀಗ ಹಾಕುವ ಮನೆ ನನಗೆ ಬೇಡ.

ಆಂಬುಲೆನ್ಸಿಗೆ ಹಸಿರು ಕೊಡುವ ಸೌಲಭ್ಯವನ್ನು ಎಲ್ಲರೂ ಜಾಹೀರಾತಿನಲ್ಲಿ ತೋರಿಸುತ್ತಾರೆ, ತೋರಿಸಬೇಕಾದದ್ದೇ. ಆದರೆ ಅದು ಹೋದ ಮೇಲೆ ಕಲಕಿದ ಸುತ್ತು ಮತ್ತೆ ತಾಳಕ್ಕೆ ಬರಲು ಹಲವು ಸುತ್ತುಗಳು ಹಿಡಿಯುತ್ತವೆ. ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದನ್ನೂ ಹೋಲಿಸಿ ನೋಡಿ.

ಕ್ಯಾಮೆರಾಗಳ ವಿಷಯದಲ್ಲಿ ಒಂದೇ ಮಾತು: ಎಣಿಕೆ ಕಂಬದ ಮೇಲೆಯೇ ನಡೆದು, ಅಂಕಿ ಮಾತ್ರ ಹೊರಗೆ ಹೋಗಬೇಕು. ಸಿಗ್ನಲ್ಲಿಗೆ ನಂಬರ್ ಪ್ಲೇಟಿನ ಅಗತ್ಯವಿಲ್ಲ.

ಹಣ ಕೊಡುವ ಮುನ್ನ

ಮನೆಯ ವ್ಯವಸ್ಥೆಯಾದರೆ, ಹಾಕಿದವರು ಹೊರಡುವ ಮೊದಲೇ ಇಂಟರ್‌ನೆಟ್ ತಂತಿ ಕಿತ್ತು ಸ್ವಿಚ್ಚುಗಳನ್ನು ಒತ್ತಿ ನೋಡಿ. ಆಮೇಲೆ ಪ್ರತಿ ಕೋಣೆಯಲ್ಲೂ ಇಪ್ಪತ್ತು ನಿಮಿಷ ಅಲುಗದೆ ಕುಳಿತುಕೊಳ್ಳಿ. ಕೋಣೆಯಿಂದ ಹೊರಬಂದು, ಫ್ಯಾನ್ ತಿರುಗುತ್ತಿರುವಾಗಲೇ ದೀಪ ಆರುತ್ತದೆಯೇ ಎಂದು ಇಣುಕಿ. ಮೂರು ದಿನ ಒಂದೇ ದೀಪವನ್ನು ಕೈಯಿಂದ ತಿದ್ದಿ. ನಾಲ್ಕನೆಯ ದಿನ ಅದೇನು ಮಾಡುತ್ತದೆ ನೋಡಿ.

ಜಂಕ್ಷನ್ ಆದರೆ, ಒಂದು ಸೆನ್ಸರಿನ ತಂತಿ ತೆಗೆಯಿಸಿ. ಒಳ್ಳೆಯ ವ್ಯವಸ್ಥೆ ಅದನ್ನು ಗುರುತಿಸಿ, ಆ ದಿಕ್ಕಿಗೆ ದಿನದ ಆ ಹೊತ್ತಿನ ಹಳೆಯ ಸಮಯಪಟ್ಟಿಯನ್ನು ಹಿಡಿಯುತ್ತದೆ. ಕೆಟ್ಟದ್ದು ಆ ದಿಕ್ಕಿನಲ್ಲಿ ವಾಹನಗಳೇ ಇಲ್ಲವೆಂದು ನಂಬುತ್ತದೆ. ಕೇಂದ್ರದ ಸಂಪರ್ಕ ಕಡಿದು ಒಂದು ಗಂಟೆ ಬಿಡಿ. ಮಳೆ ಬರುವ ಒಂದು ಸಂಜೆ ಎಣಿಕೆಯನ್ನು ಕೈಯಿಂದಲೂ ಮಾಡಿ ತಾಳೆ ನೋಡಿ. ಕೊನೆಯದಾಗಿ, ಬೆಳಗಿನ ಜಾವ ಮೂರು ಗಂಟೆಗೆ ಯಾರನ್ನಾದರೂ ಒಂದು ಸೈಕಲ್ ಕೊಟ್ಟು ಅಡ್ಡರಸ್ತೆಯಲ್ಲಿ ನಿಲ್ಲಿಸಿ, ಗಡಿಯಾರ ಹಿಡಿದು ಎಷ್ಟು ಹೊತ್ತಿಗೆ ಹಸಿರಾಗುತ್ತದೆಂದು ಬರೆದುಕೊಳ್ಳಿ. ಬೈಕಾದರೆ ನಾನೇ ಬಂದು ನಿಲ್ಲುತ್ತೇನೆ.